ಮೂರು ತೂತಿನ ಆಪರೇಶನ್

ಮರೆವ್ವ ಕನ್ನಡಿ ಕೇಳಿದಳು, ಮಗಳು ವಿಜಯಶ್ರೀ ಹಿಂದುಮುಂದು ನೋಡದೆ ಕೊಟ್ಟುಬಿಟ್ಟಳು. ಎಲ್ಲ ಕೆಟ್ಟಿದ್ದು ಅಲ್ಲಿಂದಲೇ.

ವಿಜಯಪುರದ ಆಸ್ಪತ್ರೆಯಲ್ಲಿ ಎದೆಯ ಆಪರೇಶನ್ ಮುಗಿಸಿಕೊಂಡು ಮರೆವ್ವ ಸಿಂದಗಿಯ ಮಗಳ ಮನೆಗೆ ಆಗಷ್ಟೇ ಬಂದಿದ್ದಳು. ಎಡಗಡೆ ಎದೆಗೂಡಿನೊಳಗೆ, ಬೆನ್ನುಮೂಳೆಯ ಬದಿಯ ನರಗಳಿಗೆ ಅಂಟಿಕೊಂಡು ಮೂರು ಗಡ್ಡೆ ಬೆಳೆದಿದ್ದವು. ದೊಡ್ಡದು ಲಿಂಬೆಹಣ್ಣಿನಷ್ಟಿತ್ತು. ಅಂಥದ್ದನ್ನು ತೆಗೆಯಬೇಕಾದರೆ ಎದೆಯನ್ನು ಕುಂಬಳಕಾಯಿಯ ಹಾಗೆ ಸೀಳಿರಬೇಕು ಎಂದೇ ಅವಳು ತಿಳಿದಿದ್ದಳು. ಪಟ್ಟಿ ಬದಲಿಸುವಾಗ ಕಂಕುಳ ಕೆಳಗೆ ಕನ್ನಡಿ ಹಿಡಿದು ನೋಡಿದರೆ, ಅಲ್ಲಿ ಕಂಡದ್ದು ಬೆರಳಗಲದ ಮೂರು ಗಾಯ ಮಾತ್ರ.

"ಇಷ್ಟ ಏನ?" ಎಂದಳು.

"ಇಷ್ಟ ಬೇ. ಈಗ ಎದಿ ಕೊಯ್ಯೂದಿಲ್ಲ. ತೂತಿನಾಗ ಕ್ಯಾಮೆರಾ ಬಿಟ್ಟು ಟಿವ್ಯಾಗ ನೋಡಕೋತ ತಗೀತಾರ. ಎಲ್ಲಾ ತಗದಾರ. ನೀ ಏನೂ ಚಿಂತಿ ಮಾಡಬ್ಯಾಡ."

ಮರೆವ್ವ ಕನ್ನಡಿಯನ್ನು ಬೋರಲು ಹಾಕಿದಳು. ಎಲ್ಲಾ ತಗದಾರ, ನೀ ಏನೂ ಚಿಂತಿ ಮಾಡಬ್ಯಾಡ. ಒಂದು ಅಕ್ಷರ ಹೆಚ್ಚುಕಡಿಮೆ ಇಲ್ಲದೆ ಇದೇ ಮಾತನ್ನು ಅವಳು ತನ್ನ ಗಂಡ ಭೀಮಶ್ಯಾನಿಗೆ ಹೇಳಿದ್ದಳು.

ಭೀಮಶ್ಯಾನದು ಹೊಟ್ಟೆಯ ಗಡ್ಡೆ. ಸೊಲ್ಲಾಪುರದ ಡಾಕ್ಟರು ಹೊಟ್ಟೆ ತೆರೆದು, ಅದು ಸಿಕ್ಕಸಿಕ್ಕಲ್ಲಿ ಹಬ್ಬಿದ್ದು ಕಂಡು, ಏನನ್ನೂ ಮುಟ್ಟದೆ ಹೊಲಿದು ಕಳಿಸಿದ್ದರು. ಅವರ ಊರು ದೇವಣಗಾಂವದಲ್ಲಿ ಇದಕ್ಕೆ "ತೆರದು ಮುಚ್ಚ್ಯಾರ" ಅನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದವರು ಮುಂದೆ ಏನನ್ನೂ ಕೇಳುವುದಿಲ್ಲ. ನಾಲಿಗೆ ಲೊಚಗುಟ್ಟಿ ಎದ್ದು ಹೋಗುತ್ತಾರೆ. ಗಾಯ ಸಣ್ಣದು, ಬೇಗ ಮನೆಗೆ ಕಳಿಸಿದರು, ಮನೆಮಂದಿ ನಗುನಗುತ್ತ ಮಾತಾಡುತ್ತಾರೆ ಅಂದರೆ ತೆರೆದು ಮುಚ್ಚಿದ್ದೇ ಸೈ. ಮರೆವ್ವನಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ಆ ಸುಳ್ಳನ್ನು ಅವಳು ಗಂಡನ ಮುಂದೆ ಅವನ ಕೊನೆಯ ಉಸಿರಿನವರೆಗೆ ಆಡಿದ್ದಳು, ಚೆನ್ನಾಗಿಯೇ ಆಡಿದ್ದೇನೆಂಬ ಸಮಾಧಾನವೂ ಅವಳಿಗಿತ್ತು.

ಹಾಗಾಗಿ ಅವಳೆದುರು ಮಗಳ ಯಾವ ಮಾತೂ ನಿಲ್ಲಲಿಲ್ಲ. ಸ್ಟೀಲಿನ ತಾಟಿನಲ್ಲಿಟ್ಟ ಗಡ್ಡೆಗಳ ಫೋಟೊವನ್ನು ಮೊಬೈಲಿನಲ್ಲಿ ತೋರಿಸಿದರೆ, "ಯಾರ ಎದ್ಯಾಗಿನವೋ ಏನೋ" ಅಂದಳು. ಲ್ಯಾಬಿನಿಂದ ರಿಪೋರ್ಟು ಬಂತು, ಕ್ಯಾನ್ಸರ್ ಅಲ್ಲವೆಂದು ಓದಿ ಹೇಳಿದರೆ ಸುಮ್ಮನೆ ನಕ್ಕಳು. ಗಂಡನಿಗೂ ಅವಳು ಕೈಗೆ ಸಿಕ್ಕ ಯಾವುದೋ ಚೀಟಿ ತೋರಿಸಿ ಎಲ್ಲ ನಾರ್ಮಲ್ ಐತಂತ ಎಂದಿದ್ದಳಲ್ಲ.

ಇಷ್ಟೇ ಆಗಿದ್ದರೆ ಹಟಮಾರಿ ಮುದುಕಿ ಎಂದು ಬಿಡಬಹುದಿತ್ತು. ಆದರೆ ಆಪರೇಶನ್ ಹೊತ್ತಿಗೆ ಮುದುಡಿಸಿದ್ದ ಪುಪ್ಪುಸ ಮತ್ತೆ ಪೂರ್ತಿ ಅರಳಬೇಕಾಗಿತ್ತು. ಅದಕ್ಕೆಂದು ಆಸ್ಪತ್ರೆಯವರು ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದರು. ನಳಿಕೆ ಬಾಯಲ್ಲಿಟ್ಟು ಉಸಿರು ಎಳೆದರೆ ಒಳಗಿನ ಬಣ್ಣದ ಚೆಂಡುಗಳು ಮೇಲೇರಬೇಕು. ಎಳೆಯದೆ ಹೋದರೆ ಕಫ ಕಟ್ಟಿ ಜ್ವರ ಬಂದು, ನೆಟ್ಟಗಾದ ಜೀವ ಮತ್ತೆ ಕೆಡುತ್ತದೆ ಎಂದು ಡಾಕ್ಟರು ಒತ್ತಿ ಹೇಳಿದ್ದರು. ಮರೆವ್ವ ಅದನ್ನು ಮೂಸಿಯೂ ನೋಡಲಿಲ್ಲ. ಹೋಗುವ ಜೀವಕ್ಕೆ ಈ ಚೆಂಡಾಟ ಯಾಕೆ? ಸಂಜೆ ಸಂಜೆಗೆ ಮೈ ಬೆಚ್ಚಗಾಗತೊಡಗಿದಾಗ, ತಾನು ತಿಳಿದದ್ದೇ ಖರೆ ಎಂದುಕೊಂಡಳು.

ವಿಜಯಶ್ರೀ ಸರಕಾರಿ ಸಾಲೆಯ ಟೀಚರು. ಅವಳ ಬಾಯಿ ತಾಯಿಯಿಂದಲೇ ಬಂದದ್ದು. ಅವಳು ಗದರಿದರೆ ಪಕ್ಕದ ತರಗತಿಯೂ ಚುಪ್ ಆಗುತ್ತಿತ್ತು. ಆದರೆ ತಾಯಿಯ ಮನಸ್ಸಿಗೆ ನೋವು ಮಾಡಬೇಡಿ ಎಂದು ನರ್ಸಮ್ಮ ಹೇಳಿದ್ದೇ ತಡ, ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಹುಗ್ಗಿ ಮಾಡಿ ತಂದಳು. ಕಾಲೊತ್ತಿದಳು. "ಒಂದ ಸಲ ಎಳಿ ಬೇ, ನನ್ನ ಬಂಗಾರದಂಥಾ ಅವ್ವ" ಎಂದು ಗಲ್ಲ ಹಿಡಿದು ಬೇಡಿಕೊಂಡಳು. ಅವಳು ಮೆತ್ತಗಾದಷ್ಟೂ ಮರೆವ್ವ ಇನ್ನಷ್ಟು ಕುಸಿದಳು. ಹೊರಟು ನಿಂತ ಜೀವಕ್ಕೆ ಆ ಸೀಮೆಯಲ್ಲಿ ಯಾರೂ ಬೈಯುವುದಿಲ್ಲ. ಕೇಳಿದ್ದು ಕೊಡುತ್ತಾರೆ, ಹೇಳಿದ್ದಕ್ಕೆ ಹೂಂ ಅನ್ನುತ್ತಾರೆ.

ಅವಳಿಗೆ ಸಾವಿನ ಹೆದರಿಕೆ ಅಷ್ಟಾಗಿ ಇರಲಿಲ್ಲ. ಮಗಳು ಒಬ್ಬಳೇ ಅಡಿಗೆಮನೆಯಲ್ಲಿ ಅಳುತ್ತಿರಬಹುದು, ತನ್ನ ಮುಂದೆ ಮುಖ ಒರೆಸಿಕೊಂಡು ಬರುತ್ತಿರಬಹುದು ಎಂದು ನೆನೆದಾಗ ಮಾತ್ರ ತಡೆಯಲಾಗುತ್ತಿರಲಿಲ್ಲ. ಇರುವಾಗಲೇ ಕೊಡುವುದನ್ನು ಕೊಟ್ಟುಬಿಡೋಣವೆಂದು, ವಿಜಯಶ್ರೀ ಸಾಲೆಗೆ ಹೋದ ಹೊತ್ತಿನಲ್ಲಿ ದೇವಣಗಾಂವದಲ್ಲಿದ್ದ ನಾದಿನಿ ಸಾತವ್ವನಿಗೆ ಫೋನ್ ಹಚ್ಚಿ, "ನನ್ನ ಎಮ್ಮಿ ಹೊಡಕೊಂಡ ಹೋಗವ್ವ, ಇನ್ನ ಅದು ನಿಂದ" ಅಂದಳು. ಸಾತವ್ವ ಮೊದಲು ಅತ್ತಳು, ಆಮೇಲೆ ತಡಮಾಡದೆ ಹೋಗಿ ಎಮ್ಮೆ ಬಿಚ್ಚಿಕೊಂಡಳು.

ಸಂಜೆ ವಿಜಯಶ್ರೀ ಬಾಗಿಲಲ್ಲೇ ನಿಂತಳು. ಕೈಯಲ್ಲಿ ಫೋನಿತ್ತು. ಸಾತವ್ವ ಆಗಷ್ಟೇ ಎಲ್ಲವನ್ನೂ ಹೇಳಿದ್ದಳು.

"ಎಮ್ಮಿ ಕೊಟ್ಟಿಯೇನ?"

"ಹೂಂ. ಇನ್ನ ನನಗ್ಯಾಕ ಎಮ್ಮಿ?"

ವಿಜಯಶ್ರೀಯ ಹೆಗಲಿನ ಬ್ಯಾಗು ಕೆಳಗೆ ಬಿತ್ತು. ಇಷ್ಟು ದಿನ ನುಂಗಿಕೊಂಡದ್ದೆಲ್ಲ ಒಂದೇ ಸಲಕ್ಕೆ ಕಿತ್ತುಕೊಂಡು ಬಂತು.

"ಯಾಕಂದ್ರ? ನೀ ಇನ್ನ ಇಪ್ಪತ್ತ ವರ್ಷ ನನ್ನ ಜೀವಾ ತಿನ್ನಾಕಿ, ಅದಕ್ಕ! ಗಟ್ಟಿ ಹಾಲಿನ ಚಾ ಬಿಟ್ಟು ಬ್ಯಾರೆ ನಿನ್ನ ಗಂಟಲಾಗ ಇಳಿಯೂದಿಲ್ಲ. ನಾಳಿಗಿ ಚರಗಿ ಹಿಡಕೊಂಡು ಯಾರ ಬಾಗಲಾಗ ನಿಂದ್ರಾಕಿ? ಮೊನ್ನಿ ಈದ ಎಮ್ಮಿ! ದಾನಾ ಮಾಡಾಕ ನೀ ಎಲ್ಲಿ ರಾಣಿ? ಅವರು ಒಳಗಿಂದೆಲ್ಲಾ ಹಸನ ಮಾಡಿ ಕಳಿಸಿದ್ರ, ಒಂದ ಉಸರ ಎಳಿಯಾಕ ನಿನಗ ಬ್ಯಾನಿ! ನಿನ್ನ ಹಟಕ್ಕಿಷ್ಟ ಬೆಂಕಿ ಹಚ್ಚಲಿ! ನಾಳೆ ನೀನ ಫೋನ್ ಮಾಡಿ ಎಮ್ಮಿ ವಾಪಸ್ ಕೇಳು. ನಾ ಕೇಳಾಕ್ಯಲ್ಲ. ಮಾನಗೇಡಿ ಕೆಲಸ ನೀ ಮಾಡಿದ್ದು, ನೀನ ಉಣ್ಣು!"

ಮರೆವ್ವ ಮಗಳ ಮುಖವನ್ನೇ ನೋಡಿದಳು. ಮೂಗಿನ ಹೊಳ್ಳೆಗಳು ಅರಳಿದ್ದವು, ಕುತ್ತಿಗೆಯ ನರ ಉಬ್ಬಿತ್ತು. ಸುಳ್ಳು ಹೇಳುವವರು ಇಷ್ಟು ಕೆಟ್ಟದಾಗಿ ಬೈಯುವುದಿಲ್ಲ. ನಾಲ್ಕು ದಿನ ಇರುವವಳ ಜೊತೆ ಇಪ್ಪತ್ತು ವರ್ಷದ ಹಾಲಿಗೆ ಯಾರು ಜಗಳಾಡುತ್ತಾರೆ? ಗಡ್ಡೆಗಳು ಖರೇನೇ ಹೋಗಿದ್ದವು. ಅವಳು ಬದುಕುವವಳಿದ್ದಳು.

ತಾನಾಗಿಯೇ ಕೈ ಚಾಚಿ ಡಬ್ಬಿ ಎತ್ತಿಕೊಂಡಳು. ನಳಿಕೆ ಕಚ್ಚಿ ಎಳೆದಳು. ಪಕ್ಕೆ ಚುರ್ ಎಂದಿತು. ಒಂದು ಚೆಂಡು ಅರ್ಧಕ್ಕೆ ಎದ್ದು ಬಿತ್ತು. ಇನ್ನೊಮ್ಮೆ ಎಳೆಯಲು ಹೋದವಳು ಅಲ್ಲಿಗೇ ನಿಲ್ಲಿಸಿದಳು.

ಅವಳಿಗೆ ಭೀಮಶ್ಯಾನ ಬೀಡಿ ನೆನಪಾಗಿತ್ತು.

ಸಂಸಾರದುದ್ದಕ್ಕೂ ಅವಳು ಅವನ ಬಾಯಿಂದ ಬೀಡಿ ಕಿತ್ತು ಅಂಗಳಕ್ಕೆ ಎಸೆದು ಹಿಗ್ಗಾಮುಗ್ಗಾ ಬೈದವಳು. ಕಡೆಗಾಲದಲ್ಲಿ ಒಂದು ದಿನ ಅವನು ಬೇಕೆಂದೇ ಅವಳೆದುರು ಕೂತು ಬೀಡಿ ಬಾಯಲ್ಲಿಟ್ಟುಕೊಂಡು, ಅವಳ ಮುಖವನ್ನೇ ನೋಡಿದ್ದ. ಅವಳು ನಕ್ಕು ಕಡ್ಡಿ ಗೀರಿ ಕೊಟ್ಟಿದ್ದಳು. ಅವನು ಸೇದಲಿಲ್ಲ. ಬೀಡಿ ತೆಗೆದು ಬದಿಗಿಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವನಿಗೆ ಬೀಡಿ ಬೇಕಾಗಿರಲೇ ಇಲ್ಲ.

"ನಿಮ್ಮಪ್ಪಗ ಗೊತ್ತಿತ್ತ," ಎಂದಳು ಮರೆವ್ವ. "ಎಲ್ಲಾ ಗೊತ್ತಿತ್ತ ಆತಗ. ಬೈತಾಳೇನು ಅಂತ ನನ್ನ ಮಾರಿ ನೋಡಿದ. ಒಂದ ಮಾತು ಬೈಯಲಿಲ್ಲ ನಾ. ಆತನ್ನ ನಾನ ಸಾಯಾಕ ಬಿಟ್ಟಂಗಾತು." ಅವಳು ಪಕ್ಕೆ ಹಿಡಿದುಕೊಂಡು ಅಳತೊಡಗಿದಳು.

ವಿಜಯಶ್ರೀಯ ಸಿಟ್ಟು ಜರ್ರನೆ ಇಳಿಯಿತು. ಓಡಿ ಬಂದು ತಾಯಿಯ ಬೆನ್ನ ಮೇಲೆ ಕೈಯಿಟ್ಟಳು. "ಆತು ಬೇ, ಅಳಬ್ಯಾಡ. ನಂದ ತಪ್ಪಾತು. ಎಮ್ಮಿ ಹೋದ್ರ ಹೋಗಲಿ ಬಿಡು..."

ಮರೆವ್ವ ಮಗಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಮೆತ್ತಗ ಮಾತಾಡಬ್ಯಾಡ," ಎಂದಳು. "ಬೈ."