ಹೊಗೆಯಿಲ್ಲದ ಪೆಟ್ಟಿಗೆ

ಷಡ್ಡಕ ಎಂಬ ಪ್ರಾಣಿಯ ಬಗ್ಗೆ ಅಲಾರಾಂಗೆ ಮೊದಲಿಂದಲೂ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಹೆಂಡತಿಯ ತಂಗಿಯನ್ನು ಕಟ್ಟಿಕೊಂಡ ಮಾತ್ರಕ್ಕೆ ಒಬ್ಬ ಮನುಷ್ಯ ಪ್ರತಿ ಭಾನುವಾರ ಮನೆಗೆ ನುಗ್ಗಬಹುದು, ಸೋಫಾದ ಮೇಲೆ ಕಾಲು ಚಾಚಬಹುದು, ‘ಅಣ್ಣಾ’ ಎಂದು ಕರೆದು ಕಿವಿಯ ಮೇಲೆ ಹೂವಿಡಬಹುದು ಎಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ಅವನಿಗೆ ತಿಳಿಯದು. ಅದರಲ್ಲೂ ಈ ಷಡ್ಡಕ ಹೊಟ್ಟೆಪಾಡಿಗೇ ಬಾಯಿಬಡಾಯಿ ಕೊಚ್ಚುವವನು. ದೊಡ್ಡ ಅಂಗಡಿಯೊಂದರಲ್ಲಿ ಅಡುಗೆಮನೆಯ ಯಂತ್ರಗಳನ್ನು ಗಿರಾಕಿಗಳ ಮುಂದೆ ಓಡಿಸಿ ತೋರಿಸುವುದು ಅವನ ಕೆಲಸ. ಮನೆಯವರೆಲ್ಲ ಅವನನ್ನು ಡೆಮೋ ಎಂದೇ ಕರೆಯುತ್ತಿದ್ದರು.

ಅಲಾರಾಂಗೂ ಆ ಹೆಸರು ಕೆಲಸದಿಂದಲೇ ಅಂಟಿಕೊಂಡದ್ದು. ಆಫೀಸು, ಆಸ್ಪತ್ರೆ, ಹಾಸ್ಟೆಲುಗಳ ಚಾವಣಿಗೆ ಹೊಗೆ ಹಿಡಿದು ಕೂಗುವ ಡಿಟೆಕ್ಟರುಗಳನ್ನು ಕೂರಿಸುವುದು, ವರ್ಷಕ್ಕೊಮ್ಮೆ ಹೋಗಿ ಪರೀಕ್ಷಿಸುವುದು. ಹತ್ತೊಂಬತ್ತು ವರ್ಷ ಏಣಿಯ ಮೇಲಿಂದ ಮನುಷ್ಯರನ್ನು ನೋಡಿದವನಿಗೆ ಕೆಳಗಿಳಿದ ಮೇಲೂ ಎಲ್ಲರೂ ಸಣ್ಣಗೇ ಕಾಣುತ್ತಿದ್ದರು. ಬೆಂಕಿ ತಡೆಯುವ ಬಾಗಿಲು ಮುಚ್ಚದಂತೆ ಇಟ್ಟಿಗೆ ಕೊಟ್ಟು ಸಿಗರೇಟು ಸೇದುವ ಮ್ಯಾನೇಜರುಗಳು, ಸದ್ದು ತಡೆಯಲಾರದೆ ಡಿಟೆಕ್ಟರಿನ ಬ್ಯಾಟರಿ ಕಿತ್ತು ಟಿವಿ ರಿಮೋಟಿಗೆ ಹಾಕುವ ಮಹಾನುಭಾವರು, ಇವರನ್ನೆಲ್ಲ ಕಂಡು ಕಂಡು ಅವನಿಗೆ ಮನುಷ್ಯಜಾತಿಯ ಮೇಲೇ ಮೂಗು ಮುರಿಯುವಂತಾಗಿತ್ತು.

ಇವರಿಬ್ಬರ ನಡುವೆ ಅತ್ತೆ. ಮೂವತ್ತೊಂದು ವರ್ಷ ಬಸ್ ನಿಲ್ದಾಣದ ಎದುರು ಇದ್ದಿಲ ಒಲೆ ಹಾಕಿಕೊಂಡು, ಕಡ್ಡಿಗೆ ಚುಚ್ಚಿದ ಮಾಂಸ ಸುಟ್ಟು ಮಾರಿ, ಇಬ್ಬರು ಹೆಣ್ಣುಮಕ್ಕಳನ್ನು ದಡ ಮುಟ್ಟಿಸಿದ ಹೆಂಗಸು. ಒಲೆ ಅವಳಿಗೆ ಅನ್ನ ಕೊಟ್ಟಿತು, ಶ್ವಾಸಕೋಶ ತಿಂದಿತು. ಇನ್ನು ಹೊಗೆಯ ಹತ್ತಿರ ಸುಳಿದರೆ ಆಕ್ಸಿಜನ್ ಸಿಲಿಂಡರನ್ನು ಜೊತೆಗಿಟ್ಟುಕೊಂಡೇ ತಿರುಗಬೇಕಾಗುತ್ತದೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ ಮೇಲೆ ಅವಳು ಹಿರಿಯ ಮಗಳ ಮನೆಗೆ, ಅಂದರೆ ಅಲಾರಾಂ ಮನೆಗೆ ಬಂದಳು. ಎರಡು ವರ್ಷವಾಗಿತ್ತು. ಇಲ್ಲಿ ಅಲಾರಾಂ ರಾಜ್ಯಭಾರ. ಈರುಳ್ಳಿ ಹುರಿಯುವಂತಿಲ್ಲ, ಎಣ್ಣೆ ಕಾಯಿಸುವಂತಿಲ್ಲ, ಎಲ್ಲ ಬೇಯಿಸಿದ್ದು. ಇಷ್ಟೆಲ್ಲ ಮಾಡಿದರೂ ಅತ್ತೆಯ ಕೆಮ್ಮು ಕಡಿಮೆಯಾಗಲಿಲ್ಲ, ಹೆಚ್ಚೇ ಆಯಿತು. ಕೆಳಗಿನ ಹೋಟೆಲಿನ ಹೊಗೆ ಮಧ್ಯಾಹ್ನವೆಲ್ಲ ಅಡುಗೆಮನೆಯ ಗವಾಕ್ಷಿಯಿಂದ ಮೇಲೆ ಬರುತ್ತದೆ ಎಂದು ಅವಳು ಹೇಳುತ್ತಲೇ ಇದ್ದಳು. ಅಲಾರಾಂ ಚಾವಣಿಯತ್ತ ಬೆರಳು ತೋರಿಸುತ್ತಿದ್ದ. ಅತ್ತೆ ಮನೆಗೆ ಬಂದ ವಾರವೇ ತಾನೇ ಕೈಯಾರೆ ಕೂರಿಸಿದ ಡಿಟೆಕ್ಟರ್ ಅದು. ಎರಡು ವರ್ಷದಲ್ಲಿ ಒಂದು ಸಲವೂ ಕೂಗಿಲ್ಲ. ಹೊಗೆ ಇದ್ದಿದ್ದರೆ ಕೂಗುತ್ತಿರಲಿಲ್ಲವೇ? ಡಾಕ್ಟರು ಪ್ರತಿ ತಿಂಗಳು ಮನೆಯ ಗಾಳಿಯ ವಿಚಾರ ಕೇಳಿದಾಗಲೂ ಅವನದು ಇದೇ ಉತ್ತರ. ನಮ್ಮ ಮನೆಯಲ್ಲಿ ಹೊಗೆ ಇಲ್ಲ, ಗ್ಯಾರಂಟಿ ನನ್ನದು, ವಯಸ್ಸಾದವರಿಗೆ ಕೆಮ್ಮು ಒಂದು ಚಟ.

ಹಿಂದಿನ ಭಾನುವಾರ ಡೆಮೋ ಹೊಸ ಸುದ್ದಿ ಹೊತ್ತು ತಂದಿದ್ದ. ಅಂಗಡಿಗೆ ಮನೆಯೊಳಗೇ ಮಾಂಸ ಸುಡುವ ಕರೆಂಟಿನ ಗ್ರಿಲ್ ಬಂದಿದೆ. ಹೊಗೆಯೇ ಇಲ್ಲ. ಅದರ ಪಕ್ಕದಲ್ಲಿ ನಿಂತು ದಿನವೂ ಸುಟ್ಟು ತೋರಿಸಲು ಕೈ ಪಳಗಿದವರು ಬೇಕು. ಅತ್ತೆಗಿಂತ ಪಳಗಿದ ಕೈ ಎಲ್ಲಿ ಸಿಗುತ್ತದೆ? ಅವರು ತನ್ನ ಮನೆಗೇ ಬಂದುಬಿಡಲಿ, ಅಂಗಡಿ ನಾಲ್ಕು ಹೆಜ್ಜೆ. ಅಲಾರಾಂ ಇದನ್ನೆಲ್ಲ ನಕ್ಕು ತಳ್ಳಿಹಾಕುವುದರೊಳಗೆ ಅತ್ತೆ ಹೂಂ ಅಂದುಬಿಟ್ಟಿದ್ದಳು. ಇಲ್ಲಿ ಕೆಮ್ಮೋದು ಹೇಗೂ ತಪ್ಪಿಲ್ಲ, ಅಲ್ಲಾದರೂ ಒಲೆ ಮುಂದೆ ನಿಂತು ಕೆಮ್ಮುತ್ತೇನೆ ಎಂದಿದ್ದಳು.

ಅಲಾರಾಂಗೆ ಮೈ ಉರಿಯಿತು. ಅತ್ತೆಯ ಜೀವದ ಮೇಲೆ ಅವನಿಗೆ ನಿಜವಾಗಿಯೂ ಕಾಳಜಿಯಿತ್ತು, ಇಲ್ಲವೆನ್ನಲಾಗದು. ದಿನಕ್ಕೆ ಎಂಟು ಗಂಟೆ ಆ ಪೆಟ್ಟಿಗೆಯ ಮೇಲೆ ಬಗ್ಗಿ ನಿಂತರೆ ಮುದುಕಿ ಮಳೆಗಾಲ ಕಾಣುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೆ ಆ ಕಾಳಜಿಯ ಪಕ್ಕದಲ್ಲೇ ಇನ್ನೊಂದು ಕೂತಿತ್ತು: ಡೆಮೋನ ಮುಖಕ್ಕೆ ಮಂಗಳಾರತಿ ಎತ್ತುವ ಆಸೆ. ಪೆಟ್ಟಿಗೆ ಇಲ್ಲಿಗೇ ತಾ, ನನ್ನ ಡಿಟೆಕ್ಟರಿನ ಕೆಳಗೆ ಇಡು ಎಂದ. ಅದು ಕೂಗಿದರೆ ಅತ್ತೆ ಎಲ್ಲಿಗೂ ಹೋಗುವಂತಿಲ್ಲ. ಕೂಗದಿದ್ದರೆ ಕರೆದುಕೊಂಡು ಹೋಗು, ನಾನೇ ಸಾಮಾನು ಕಟ್ಟಿಕೊಡುತ್ತೇನೆ. ಒಪ್ಪಂದಕ್ಕೆ ಅತ್ತೆಯೂ ತಲೆಯಾಡಿಸಿದಳು.

ಹಾಗೆ ಈ ಭಾನುವಾರ ಹನ್ನೊಂದಕ್ಕೆ ಪೆಟ್ಟಿಗೆ ಬಂತು. ಅದರ ಮೇಲಿನ ಚಿತ್ರದಲ್ಲಿ ಬಿಳಿ ಸೋಫಾ, ಬಿಳಿ ಪರದೆ, ಬಿಳಿ ಬಟ್ಟೆಯ ಹೆಂಗಸು. ಅವಳ ಮುಂದೆ ಉರಿಯುವಂತೆ ಕೆಂಪಗಿದ್ದ ಮಾಂಸ. ‘ನೂರಕ್ಕೆ ನೂರು ಹೊಗೆರಹಿತ’ ಎಂದು ಅಂಗೈಯಗಲ ಅಕ್ಷರ. ಪಕ್ಕದಲ್ಲಿ ಒಂದು ನಕ್ಷತ್ರಚುಕ್ಕಿ. ಅಲಾರಾಂ ಕನ್ನಡಕ ಏರಿಸಿ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ, ಆ ಚುಕ್ಕಿಯ ಷರತ್ತು ಎಲ್ಲಿ ಅಡಗಿದೆ ಎಂದು ಹುಡುಕಿ, ಇರುವೆಯ ಸಾಲಿನಷ್ಟಿದ್ದ ಅಕ್ಷರಗಳನ್ನು ಎಲ್ಲರಿಗೂ ಕೇಳುವಂತೆ ಓದಿದ. ಕೊಬ್ಬು ಕಡಿಮೆಯಿರುವ ಆಹಾರವನ್ನು, ಎಣ್ಣೆ ಹಚ್ಚದೆ, ಪ್ರತಿ ಸಲ ತಟ್ಟೆ ತೊಳೆದು, ಗಾಳಿಯಾಡುವ ಜಾಗದಲ್ಲಿ ಬಳಸಿದಾಗ ಮಾತ್ರ.

“ಇಷ್ಟೆಲ್ಲ ಮಾಡೋದಾದ್ರೆ ಬಿಸಿ ನೀರಲ್ಲಿ ಕುದಿಸಿ ತಿನ್ನಬಹುದಲ್ಲಯ್ಯ,” ಎಂದ.

ಡೆಮೋ ಹಲ್ಲು ಕಿರಿದ. ಕಾದ ತಟ್ಟೆ, ಕೆಳಗೆ ನೀರಿನ ಟ್ರೇ, ಪಕ್ಕದಲ್ಲಿ ಫ್ಯಾನು, ತೊಟ್ಟಿಕ್ಕುವ ಕೊಬ್ಬು ನೀರಿಗೆ ಬಿದ್ದು ತಣ್ಣಗಾಗುತ್ತದೆ, ಉರಿಯುವ ಮಾತೇ ಇಲ್ಲ ಎಂದು ಅಂಗಡಿಯಲ್ಲಿ ಒಪ್ಪಿಸುವ ಪಾಠವನ್ನೇ ಒಪ್ಪಿಸಿದ. ನೀರಿಗೆ ಬಿದ್ದದ್ದು ಸರಿ, ತಟ್ಟೆಯ ಮೇಲೇ ಉಳಿದದ್ದು ಏನಾಗುತ್ತದೆ ಎಂದು ಅಲಾರಾಂ ಕೇಳಿದ್ದಕ್ಕೆ ಅವನು ಮಾತು ಹಾರಿಸಿ ಪ್ಲಗ್ ಹುಡುಕಲು ಹೋದ. ಅಂಗಡಿಯಲ್ಲಿ ಮೂರಾಳೆತ್ತರದ ಚಾವಣಿ, ಎಂಟೆಂಟು ಏಸಿ. ಅಲ್ಲಿ ಕಾರಿನ ಟಯರು ಸುಟ್ಟರೂ ಗಿರಾಕಿ ಸೀನುವುದಿಲ್ಲ.

ಊಟದ ಮೇಜನ್ನು ಸರಿಯಾಗಿ ಡಿಟೆಕ್ಟರಿನ ಕೆಳಕ್ಕೆ ಎಳೆದರು. ಕಿಟಕಿ, ಬಾಗಿಲು, ಬಾಲ್ಕನಿ ಎಲ್ಲ ಮುಚ್ಚಿಸಿದ್ದು ಅಲಾರಾಂ. ಇಕ್ಕಳವನ್ನು ಯಾರೂ ಹೇಳದೆಯೇ ಅತ್ತೆ ಎತ್ತಿಕೊಂಡಳು. ಎರಡು ವರ್ಷದಿಂದ ಚಮಚಕ್ಕಿಂತ ಭಾರದ್ದನ್ನು ಹಿಡಿಯದ ಕೈ ಇಕ್ಕಳ ಸಿಕ್ಕಿದ್ದೇ ತಡ, ಎರಡು ಸಲ ಟಕಟಕ ಎಂದಿತು. ಅವಳ ಹಿರಿಮಗಳು, ಅಲಾರಾಂ ಹೆಂಡತಿ, ಅಮ್ಮನ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಂಡ ಗೆಲುವನ್ನು ನೋಡುತ್ತಲೇ ಮಾಂಸದ ಪಾತ್ರೆಯನ್ನು ಅವಳ ಹತ್ತಿರ ಸರಿಸಿದಳು.

ಮೊದಲ ಸುತ್ತು ಡೆಮೋ ತಂದದ್ದು. ಚರ್ಮ ಸುಲಿದು, ತೊಳೆದು, ಒರೆಸಿ, ಕೊಬ್ಬಿನ ವಾಸನೆಯೂ ಇಲ್ಲದ ಕೋಳಿಯ ಎದೆ ತುಂಡು. ಹೊಗೆ ಬರಲಿಲ್ಲ. ಸುಟ್ಟ ಬಣ್ಣವೂ ಬರಲಿಲ್ಲ. ಅತ್ತೆ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡು, ಅಗಿದು, ಕಷ್ಟಪಟ್ಟು ನುಂಗಿದಳು.

“ಬೆಂದಿದೆ, ಸುಟ್ಟಿಲ್ಲ,” ಎಂದಳು. “ಆಸ್ಪತ್ರೆ ಊಟ.”

ಎರಡನೆಯ ಸುತ್ತು ಅಲಾರಾಂನದು. ಬೆಳಿಗ್ಗೆಯೇ ಮಾಂಸದಂಗಡಿಗೆ ಹೋಗಿ, ಕೊಬ್ಬು ದಪ್ಪಗಿರುವುದೇ ಕೊಡು ಎಂದು ನಿಂತು ಕಡಿಸಿ ತಂದಿದ್ದ. ತಟ್ಟೆ ತೊಳೆಯಲು ಡೆಮೋ ಎದ್ದರೆ ಬಿಡಲಿಲ್ಲ. ಯಾವ ಮನೆಯಲ್ಲಿ ಯಾರು ಎರಡನೆಯ ಸುತ್ತಿಗೆ ಮುಂಚೆ ತಟ್ಟೆ ತೊಳೆಯುತ್ತಾರೆ? ಮಾಂಸ ಬಿತ್ತು, ಚುರ್ ಎಂದಿತು. ಮೂರು ನಿಮಿಷಕ್ಕೆ ತಟ್ಟೆಯ ಅಂಚಿನಿಂದ ನೀಲಿ ಎಳೆ ಎದ್ದಿತು, ಐದು ನಿಮಿಷಕ್ಕೆ ಅದು ಬೂದಿಬಣ್ಣಕ್ಕೆ ತಿರುಗಿ, ಫ್ಯಾನು ಅದನ್ನು ಒಳಕ್ಕೆಳೆಯುವ ಬದಲು ಮೇಜಿನ ಸುತ್ತ ಹಂಚತೊಡಗಿತು. ನೂರಕ್ಕೆ ನೂರು! ಅಲಾರಾಂ ಎದೆಯ ಮೇಲೆ ಕೈಕಟ್ಟಿ ಚಾವಣಿ ನೋಡುತ್ತ ನಿಂತ. ಈಗ ಕೂಗುತ್ತದೆ.

ಕೂಗಲಿಲ್ಲ.

ಅತ್ತೆ ಕೆಮ್ಮಿದಳು. ಹೆಂಡತಿ ಕಿಟಕಿಯತ್ತ ಹೋದಳು. ತೆಗೀಬೇಡ, ಇನ್ನೊಂದೇ ನಿಮಿಷ ಎಂದು ಅಲಾರಾಂ ತಡೆದ. ಈಗ ಕಿಟಕಿ ತೆಗೆದರೆ ಈ ಅಡಕಸಬಿ ಗೆದ್ದೆ ಎಂದು ಊರೆಲ್ಲ ಡಂಗುರ ಹೊಡೆಯುತ್ತಾನೆ. ಒಂದು ನಿಮಿಷ ಹೋಗಿ ಮೂರಾಯಿತು. ಅತ್ತೆ ಇಕ್ಕಳ ಬಿಡಲಿಲ್ಲ, ಆದರೆ ಇನ್ನೊಂದು ಕೈಯಲ್ಲಿ ಮೇಜಿನ ಅಂಚು ಹಿಡಿದುಕೊಂಡಿದ್ದಳು. ಎಲ್ಲರ ಕಣ್ಣಲ್ಲೂ ನೀರು. ಡೆಮೋ ಕರ್ಚೀಫಿನಿಂದ ಕಣ್ಣೊರೆಸಿಕೊಂಡು, ಗಿರಾಕಿಯೊಬ್ಬ ಬಲೆಗೆ ಬಿದ್ದಾಗಿನ ಮೆತ್ತನೆಯ ದನಿಯಲ್ಲಿ ಕೇಳಿದ.

“ಅಣ್ಣಾ, ಇದು ನೀರಿನ ಆವಿ. ಹೊಗೆ ಆಗಿದ್ರೆ ನಿಮ್ದು ಇಷ್ಟು ಹೊತ್ತಿಗೆ ಹೊಡ್ಕೋಬೇಕಿತ್ತಲ್ವಾ?”

ಅಲಾರಾಂ ಲೆಕ್ಕ ಹಾಕಿದ. ಹೊಗೆ ಎಂದರೆ ತನ್ನ ಯಂತ್ರ ಕೆಟ್ಟಿದೆ ಎಂದ ಹಾಗೆ. ಇವನ ಮುಂದೆ, ತನ್ನ ಮನೆಯಲ್ಲಿ, ತನ್ನ ಕೈಯಾರೆ ಕೂರಿಸಿದ್ದು! ಹತ್ತೊಂಬತ್ತು ವರ್ಷದ ಕಣ್ಣು ಹೊಗೆ ಎನ್ನುತ್ತಿತ್ತು, ಮೂಗು ಹೊಗೆ ಎನ್ನುತ್ತಿತ್ತು, ಮೇಜಿನಾಚೆ ಅತ್ತೆ ಉಸಿರಿಗಾಗಿ ಭುಜವೆತ್ತುತ್ತಿದ್ದಳು. ಅವನು ಮತ್ತೊಮ್ಮೆ ಚಾವಣಿ ನೋಡಿದ.

“ಆವಿ ಇರಬೇಕು,” ಎಂದ.

ಅವನ ಹೆಂಡತಿ ಹನ್ನೆರಡು ವರ್ಷದ ಸಂಸಾರದಲ್ಲಿ ಅವನ ಕಡೆ ಹಾಗೆ ನೋಡಿದ್ದೇ ಇಲ್ಲ. ಬಾಲ್ಕನಿಯ ಬಾಗಿಲನ್ನು ದಢಾರನೆ ತೆರೆದು, ಅಮ್ಮನ ತೋಳು ಹಿಡಿದು ಹೊರಗೆ ಕುರ್ಚಿಯ ಮೇಲೆ ಕೂರಿಸಿ, ಉಸಿರಾಟದ ಪಂಪು ಬಾಯಿಗಿಟ್ಟು ಔಷಧಿ ಒತ್ತಿದಳು. ಅಮ್ಮನ ಉಸಿರು ಒಂದು ಹದಕ್ಕೆ ಬಂದ ಮೇಲೆ ಒಳಗೆ ಬಂದು, ಇನ್ನೊಂದು ಕುರ್ಚಿ ಎಳೆದುಕೊಂಡು, ಅದರ ಮೇಲೆ ಹತ್ತಿ ಡಿಟೆಕ್ಟರಿಗೆ ಕೈ ಹಾಕಿದಳು.

“ರೀ, ಇದರ ಮೇಲೆ ಏನೋ ಮುಚ್ಚಿದೆ.”

ಉಗುರಿನಿಂದ ಮೀಟಿ ತೆಗೆದಳು. ತೆಳು ಪ್ಲಾಸ್ಟಿಕ್ಕಿನ ಮುಚ್ಚಳ. ಹೊಸ ಡಿಟೆಕ್ಟರಿನ ಜೊತೆಗೇ ಬರುತ್ತದೆ, ಬಣ್ಣ ಬಳಿಯುವಾಗ ಧೂಳು ಒಳಗೆ ಹೋಗದಿರಲಿ ಎಂದು. ಬಣ್ಣದವರು ಹೋದ ಮೇಲೆ ತೆಗೆಯಬೇಕು. ಅತ್ತೆ ಬಂದ ವಾರ ಮನೆಯ ಬಣ್ಣದ ಕೆಲಸ ಇನ್ನೂ ಮುಗಿದಿರಲಿಲ್ಲ. ಚಾವಣಿಗೆ ಹೊಡೆದ ಬಿಳಿ ಬಣ್ಣ ಮುಚ್ಚಳಕ್ಕೂ ಬಿದ್ದು, ಎರಡೂ ಒಂದೇ ಆಗಿಹೋಗಿತ್ತು. ಬೇರೆಯವರ ಕಟ್ಟಡದಲ್ಲಿ ಅಲಾರಾಂ ತೆಗೆದ ಮುಚ್ಚಳಗಳನ್ನೆಲ್ಲ ಚೀಲಕ್ಕೆ ಹಾಕಿ, ಎಣಿಸಿ, ಪಟ್ಟಿಗೆ ತಾಳೆ ನೋಡಿಯೇ ಏಣಿ ಮಡಚುತ್ತಿದ್ದ. ಇದಕ್ಕೆಂದೇ ಡಬ್ಬಿಯಲ್ಲಿ ಬರುವ ಹೊಗೆ ಊದಿ ಪರೀಕ್ಷೆ ಮಾಡುತ್ತಿದ್ದ. ಸ್ವಂತ ಮನೆಗೆ ಪಟ್ಟಿ ಯಾರು ಮಾಡುತ್ತಾರೆ? ಇಲ್ಲಿ ತಿಂಗಳಿಗೊಮ್ಮೆ ಗುಂಡಿ ಒತ್ತುತ್ತಿದ್ದ, ಅದು ಕುಂಯ್ ಎನ್ನುತ್ತಿತ್ತು. ಮುಚ್ಚಳ ಇದ್ದರೂ ಗುಂಡಿ ಒತ್ತಿದರೆ ಕುಂಯ್ ಎನ್ನುತ್ತದೆ ಎಂಬುದನ್ನು ಹೊಸ ಹುಡುಗರಿಗೆ ಮೊದಲ ದಿನವೇ ಹೇಳಿಕೊಡುತ್ತಿದ್ದವನು ಅವನೇ.

ಹೆಂಡತಿ ಕುರ್ಚಿಯಿಂದ ಇಳಿಯುವಷ್ಟರಲ್ಲಿ ಡಿಟೆಕ್ಟರ್ ಕೂಗಿಕೊಂಡಿತು. ಎರಡು ವರ್ಷದ್ದನ್ನೆಲ್ಲ ಒಟ್ಟಿಗೇ ಕೂಗುವ ಹಾಗೆ ಕೂಗಿತು. ಡೆಮೋ ಪ್ಲಗ್ ಕಿತ್ತು, ನೀರು ಚೆಲ್ಲಿಕೊಂಡು, ಮುಖ ತೊಳೆದವನಂತೆ ಬೆವತು, ಬಿಸಿ ತಟ್ಟೆಯನ್ನು ಬಿಳಿ ಬಟ್ಟೆಯ ಹೆಂಗಸಿನ ಪೆಟ್ಟಿಗೆಗೆ ತುರುಕಲು ನೋಡುತ್ತಿದ್ದ. ಒಪ್ಪಂದದ ಪ್ರಕಾರ ಅಲಾರಾಂ ಗೆದ್ದಿದ್ದ. ಸದ್ದು ನಿಲ್ಲಿಸಿ, ಗೆದ್ದವನಂತೆ ಮುಖ ಮಾಡಲು ಹೋಗಿ ಆಗದೆ, ಬಾಲ್ಕನಿಗೆ ಬಂದ. ಮುಚ್ಚಳವನ್ನು ಹೆಂಡತಿ ಅವನ ಕೈಯಲ್ಲೇ ಇಟ್ಟಿದ್ದಳು.

ಅತ್ತೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಮೊಣಕಾಲ ಮೇಲೆ ಅಂಗೈ ಊರಿ ಕೂತಿದ್ದಳು. ಒಂದೊಂದು ಮಾತಿಗೂ ಒಂದೊಂದು ಉಸಿರು ಬೇಕಾಗುತ್ತಿತ್ತು. ಮೊದಲು ಒಳಗಿದ್ದ ಕಿರಿಯ ಅಳಿಯನನ್ನು ಕರೆದು, ನಿಮ್ಮ ಅಂಗಡಿಗೆ ನಾನು ಬರೋದಿಲ್ಲ, ಅದು ಒಲೆಯೂ ಅಲ್ಲ, ಪಾತ್ರೆಯೂ ಅಲ್ಲ ಎಂದಳು. ಆಮೇಲೆ ಅಲಾರಾಂ ಕೈಯಲ್ಲಿದ್ದುದನ್ನು ನೋಡಿದಳು. ಅವನು ಏನಾದರೂ ಹೇಳಬೇಕೆಂದು, ಬಣ್ಣದವರು, ಧೂಳು ಎಂದು ಶುರುಮಾಡಿದ. ಅವಳು ಇಕ್ಕಳದ ಕೈಯೆತ್ತಿ ತಡೆದಳು. ಇಕ್ಕಳ ಇನ್ನೂ ಅವಳ ಕೈಯಲ್ಲೇ ಇತ್ತು.

“ಮೂವತ್ತೊಂದು ವರ್ಷ ಹೊಗೆ ಕುಡಿದಿದೀನಿ, ಅಳಿಯಂದ್ರೇ. ಹೊಗೆ ಬರ್ತಿದೆ ಅಂತ ಎರಡು ವರ್ಷದಿಂದ ಹೇಳ್ತಾ ಇದೀನಿ. ಡಾಕ್ಟರ ಮುಂದೆ ನನ್ನ ಕೆಮ್ಮನ್ನ ಸುಳ್ಳು ಮಾಡಿ ಕೂರಿಸಿದ್ರಿ. ಈಗ ಕಣ್ಣೆದುರೇ ಉಸಿರು ಕಟ್ತಾ ಇದ್ರೂ ಸೂರು ನೋಡ್ತಾ ನಿಂತಿದ್ರಿ.”

ಕೆಳಗಿನ ಹೋಟೆಲಿನಿಂದ ಮಧ್ಯಾಹ್ನದ ಕರಿಯುವ ವಾಸನೆ ಮೇಲೇರುತ್ತಿತ್ತು. ಅದು ಅವನ ಮೂಗಿಗೂ ಬಂತು. ಎರಡು ವರ್ಷ ಅದು ಅಲ್ಲೇ ಇತ್ತೆಂದು ಈಗ ಯಾರೂ ಅವನಿಗೆ ಹೇಳಬೇಕಾಗಿರಲಿಲ್ಲ, ಮತ್ತು ಆ ಕ್ಷಣ ಅಲಾರಾಂಗೆ ಷಡ್ಡಕನಿಗಿಂತ ತನ್ನ ಮೇಲೇ ಹೇಸಿಗೆಯಾಯಿತು.

“ನಾಳೆ ಡಾಕ್ಟರ ಹತ್ರ ಮಗಳು ಬರ್ತಾಳೆ,” ಎಂದಳು ಅತ್ತೆ. “ನೀವು ಬರೋದು ಬೇಡ.”

ಅವನು ಹೂಂ ಅಂದ.