ಗಡಿಯಾರದ ಕೆಳಗಿನ ಬೆಂಚು

೧೯೬೨ ಮಾರ್ಚ್ ೧೪, ಬುಧವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಯಲಹಂಕದ ಒಂದು ಸಣ್ಣ ಆಸ್ಪತ್ರೆಯ ಸ್ಪೆಷಲ್ ರೂಮಿನಲ್ಲಿ ಆಯಾ ಮುನಿಯಲ್ಲಮ್ಮ ರಾಮಲಕ್ಷ್ಮಮ್ಮನ ಮಣಿಕಟ್ಟು ಹಿಡಿದು, ಬಾಗಿಲಾಚೆ ಪಡಸಾಲೆಯ ಗಡಿಯಾರ ನೋಡುತ್ತ ನಾಡಿ ಎಣಿಸುತ್ತಿದ್ದಳು. ಸೆಕೆಂಡ್ ಮುಳ್ಳು ಒಂದು ಸುತ್ತು ಬಂತು. ನೂರ ಹನ್ನೆರಡು.

ರಾಮಲಕ್ಷ್ಮಮ್ಮ ಇಟ್ಟಿಗೆ ಗೂಡಿನ ಯಜಮಾನ ಮುನಿವೆಂಕಟಯ್ಯನ ಹೆಂಡತಿ. ಆಮಶಂಕೆ. ಅದೇ ಗೂಡಿನಲ್ಲಿ ಇಟ್ಟಿಗೆ ಹೊರುವ ಪಿಳ್ಳಪ್ಪ ಮುನಿಯಲ್ಲಮ್ಮನ ಗಂಡ. ಅವನಿಗೂ ಆಮಶಂಕೆ. ಇಬ್ಬರೂ ಕುಡಿದದ್ದು ಒಂದೇ ಬಾವಿಯ ನೀರು. ಇಬ್ಬರಿಗೂ ಚುಚ್ಚುತ್ತಿದ್ದದ್ದು ಒಂದೇ ಪೆಟ್ಟಿಗೆಯ ಎಮಿಟಿನ್.

ನರ್ಸ್ ಗೋಪಾಲಮ್ಮ ಮೊದಲ ದಿನವೇ ಹೇಳಿಕೊಟ್ಟಿದ್ದಳು. ಈ ಔಷಧಿ ಕರುಳಿನ ಕ್ರಿಮಿ ಕೊಲ್ಲುತ್ತದೆ, ಜೊತೆಗೆ ಹೃದಯಕ್ಕೂ ಕೈ ಹಾಕುತ್ತದೆ. ರೋಗಿ ಮಲಗಿಯೇ ಇರಬೇಕು. ನಾಡಿ ನೂರ ಹತ್ತು ದಾಟಿದರೆ ಸೂಜಿ ಇಲ್ಲ.

ಪಿಳ್ಳಪ್ಪನಿಗೆ ಹೊರಗಿನ ಕಿಟಕಿಯಲ್ಲಿ, ನಿಂತ ಹಾಗೇ ಸೂಜಿ. ಚುಚ್ಚಿಸಿಕೊಂಡು ಅವನು ನೇರ ಗೂಡಿಗೆ ಹೋಗುತ್ತಿದ್ದ. ಸೂಜಿಯ ಖರ್ಚು ಕೊಡುವ ಯಜಮಾನನ ಷರತ್ತು ಅದು: ಒಂದು ದಿನವೂ ಕೆಲಸ ತಪ್ಪಿಸುವಂತಿಲ್ಲ.

ರಾಮಲಕ್ಷ್ಮಮ್ಮನ ಕೊರಳಿನ ಚಿನ್ನದ ಸರ ಕಂಡು ಮುನಿಯಲ್ಲಮ್ಮನ ಹೊಟ್ಟೆ ಉರಿದಿರಲಿಲ್ಲ. ಅವಳು ಮಲಗಿರುವುದನ್ನು ಕಂಡು ಉರಿಯುತ್ತಿತ್ತು. ಆ ದಿಂಬು, ಆ ಬಾರ್ಲಿ ನೀರು, ಮಗ್ಗುಲು ಬದಲಿಸಲೂ ಒಬ್ಬರು. ಚಾರ್ಟಿನ ಮುಂದೆ ಪೆನ್ಸಿಲ್ ಹಿಡಿದಾಗ ಕೈ ತಡೆಯಿತು. ಅವಳಿಗೆ ಬರೆಯಲು ಬರುತ್ತಿದ್ದದ್ದು ಅಂಕಿ ಮಾತ್ರ. ಎಂಬತ್ತೆಂಟು ಎಂದು ಬರೆದರೆ ಯಾರಿಗೆ ಗೊತ್ತಾಗುತ್ತದೆ? ಇವಳ ಎದೆಯೂ ಒಂದು ದಿನ ತಡೆದು ನೋಡಲಿ.

"ಎಷ್ಟು ಬಂತೇ ಮುನಿಯಲ್ಲಿ? ಎದೆ ಒಂಥರಾ ದಡಬಡ ಅಂತೈತೆ," ಎಂದಳು ರಾಮಲಕ್ಷ್ಮಮ್ಮ. ಕಣ್ಣಿನಲ್ಲಿ ಭಯವಿತ್ತು.

ಮುನಿಯಲ್ಲಮ್ಮ ೧೧೨ ಎಂದೇ ಬರೆದಳು.

ಗೋಪಾಲಮ್ಮ ಸೂಜಿ ನಿಲ್ಲಿಸಿದಳು. ಮುನಿವೆಂಕಟಯ್ಯ ಗಾಬರಿಯಿಂದ ಓಡಿಬಂದ. "ನೆಲಕ್ಕೆ ಕಾಲಿಡದಂಗೆ ನೋಡ್ಕೊಳಮ್ಮ. ಜೀವಕ್ಕಿಂತ ಹೆಚ್ಚಿಂದು ಏನೈತೆ?"

ಆ ಮಾತು ಮುನಿಯಲ್ಲಮ್ಮನ ಕಿವಿಯಲ್ಲಿ ಹಾಗೇ ಉಳಿಯಿತು.

ಎಂಟಕ್ಕೆ ಕಿಟಕಿಯ ಮುಂದೆ ಪಿಳ್ಳಪ್ಪನೂ ಸೇರಿ ಗೂಡಿನ ಐದು ಜನ ಆಳುಗಳು ಅಂಗಿಯ ತೋಳು ಮಡಚಿ ನಿಂತಿದ್ದರು. ಕಾಂಪೌಂಡರು ಸೂಜಿಗೆ ಔಷಧಿ ಎಳೆಯುತ್ತಿದ್ದ. ಮುನಿಯಲ್ಲಮ್ಮ ಹೊರಗೆ ಹೋಗಿ ಪಿಳ್ಳಪ್ಪನ ರಟ್ಟೆ ಹಿಡಿದು ಒಳಗೆ ತಂದು, ಗಡಿಯಾರದ ಕೆಳಗಿನ ಬೆಂಚಿನ ಮೇಲೆ ಕೂರಿಸಿದಳು.

"ಒತ್ತಾಯ್ತದೆ ಕಣಮ್ಮಿ. ಗೂಡಿಗೆ ಬೆಂಕಿ ಆಕವ್ರೆ," ಎಂದ ಅವನು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಉರೀಲಿ ಬಿಡು. ನಿಂಗೂ ಒಂದ್ ಸುತ್ತು ತಿರುಗ್ಲಿ ಆ ಮುಳ್ಳು."

ಯಜಮಾನ ರೂಮಿನ ಬಾಗಿಲಲ್ಲಿ ಬಂದು ನಿಂತ. "ಎಣಿಸೋದೆಲ್ಲ ಮಂಚದ್ಮೇಲಿರೋರಿಗೆ ಕಣಮ್ಮ. ಅವ್ನು ಗಟ್ಟಿ ಆಳು."

ಅವಳು ಪಿಳ್ಳಪ್ಪನ ಮಣಿಕಟ್ಟು ಹಿಡಿದು ಗಡಿಯಾರದ ಮೇಲೆ ಕಣ್ಣಿಟ್ಟಳು. ಎಲ್ಲರಿಗೂ ಕೇಳುವಂತೆ ಎಣಿಸಿದಳು. ಐವತ್ತರ ಹೊತ್ತಿಗೆ ಕಿಟಕಿಯಲ್ಲಿದ್ದ ಚಿಕ್ಕಮಾರಯ್ಯ ದನಿಗೂಡಿಸಿದ. ಆಮೇಲೆ ಉಳಿದ ಮೂವರೂ. ನೂರ ಹತ್ತು ಬಂದಾಗ ಗೋಪಾಲಮ್ಮ ಕಾಂಪೌಂಡರನ ಕೈಯಿಂದ ಸೂಜಿ ತೆಗೆದು ತಟ್ಟೆಗೆ ಹಾಕಿದಳು. ಮುಳ್ಳು ಇನ್ನೂ ಸುತ್ತು ಮುಗಿಸಿರಲಿಲ್ಲ.

ಆಳುಗಳು ಮಡಚಿದ ತೋಳು ಇಳಿಸಿಕೊಂಡು, ಒಬ್ಬರ ಹಿಂದೊಬ್ಬರು ಒಳಗೆ ಬಂದು ಬೆಂಚಿನ ಮೇಲೆ ಕೂತರು. ಗೂಡಿನ ಕಡೆ ಯಾರೂ ಹೊರಡಲಿಲ್ಲ.

ಪಿಳ್ಳಪ್ಪನಿಗೆ ಚಾರ್ಟ್ ಇರಲಿಲ್ಲ. ಮುನಿಯಲ್ಲಮ್ಮ ಅವನ ತಲೆಯ ಮೇಲಿನ ಸುಣ್ಣದ ಗೋಡೆಗೆ ಪೆನ್ಸಿಲ್ ಒತ್ತಿ, ದೊಡ್ಡದಾಗಿ ಬರೆದಳು: ೧೨೬.