ಮೂರು ದಿನ ಹಿಂದಿನ ಐಸು

ಆರೋಗ್ಯ ಅಧಿಕಾರಿಯ ಕನ್ನಡಕ ಮೂಗಿನ ತುದಿಗೆ ಜಾರಿತು, ಜಾರಲಿ, ಇನ್ನೂ ಜಾರಲಿ, ಎಂದುಕೊಂಡಳು ಲೆಕ್ಕದ ಟೀಚರು — ಪ್ರಶ್ನೆ ಅರ್ಥವಾದ ಗಳಿಗೆಯಲ್ಲಿ ಮಕ್ಕಳೂ ಹೀಗೇ ಬಗ್ಗುತ್ತಾರೆ — ಅವನ ಬೆರಳು ಅವಳ ಹಾಳೆಯ ಮೇಲೆ ಇಳಿಯುತ್ತಿದೆ, ಒಂಬತ್ತನೇ ಸಾಲು, ಹತ್ತನೇ ಸಾಲು, ಅವಳ ಕಣ್ಣೆದುರಿಗೋ ಅಕ್ಕನ ಕ್ಯಾಂಟೀನಿನ ಬೀಗ, ಬೀಗದ ಮೇಲೆ ಸರ್ಕಾರ ಒತ್ತಿಹೋದ ಕೆಂಪು ಅರಗು, ಹನ್ನೊಂದು ದಿನದಿಂದ ಅದೇ ಅರಗು. ನಲವತ್ತೊಂದು ಜನಕ್ಕೆ ವಾಂತಿ ಭೇದಿ, ಅವರ ದೂರುಗಳಲ್ಲಿ ಕೊನೆಯದಾಗಿ ಹೊರಗೆ ತಿಂದಿದ್ದೆಲ್ಲಿ ಎಂಬ ಕಾಲಮ್ಮಿನಲ್ಲಿ ಮುಕ್ಕಾಲು ಪಾಲು ಒಂದೇ ಉತ್ತರ, ಬಸ್ ನಿಲ್ದಾಣದ ಕ್ಯಾಂಟೀನು — ನಿಲ್ದಾಣದಲ್ಲಿರುವುದೇ ಅದೊಂದು, ಮತ್ತೆಲ್ಲಿ ತಿನ್ನಬೇಕು! — ಇಪ್ಪತ್ತು ವರ್ಷ ಪಾತ್ರೆಗಳನ್ನು ತಾನೇ ಉಜ್ಜಿದ ಅಕ್ಕ ಅಂದಿನಿಂದ ಬೀದಿಗೆ ತಲೆ ಹಾಕಿಲ್ಲ, ಬಿಡೇ, ವಿಷ ಹಾಕಿದಳು ಅಂತಿದಾರೆ ಜನ, ನೀನು ಆ ಕಂಪ್ಯೂಟರ್ ಮುಂದೆ ಕೂತು ಏನು ಕಡಿದು ಕಟ್ಟೆ ಹಾಕ್ತೀಯಾ ಅಂದಿದ್ದಳು.

ಹಾಕಿಯೇಬಿಟ್ಟಳಲ್ಲ ಕಟ್ಟೆ! ನಗರಸಭೆಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದಾದ ದೂರುಗಳ ಪಟ್ಟಿ, ಅದರ ಕೆಳಗೇ ಪ್ರಯೋಗಾಲಯದ ವರದಿ, ಈ ರೋಗಾಣು ಹೊಟ್ಟೆ ಸೇರಿ ಮೂರು ದಿನಕ್ಕೆ ಕಾಯಿಲೆ ತರುತ್ತದೆ — ಮೂರು ದಿನ! ಹಾಗಿದ್ದ ಮೇಲೆ ಕೊನೆಯ ಊಟ ಕೇಳಿ ಏನುಪಯೋಗ, ತಪ್ಪು ಉತ್ತರದ್ದಲ್ಲ, ಪ್ರಶ್ನೆಯದು — ಎಲ್ಲರ ಕಾಯಿಲೆಯ ತಾರೀಖನ್ನೂ ಮೂರು ದಿನ ಹಿಂದಕ್ಕೆ ತಳ್ಳಿದಳು, ಹೆಚ್ಚುಕಡಿಮೆ ಎಲ್ಲವೂ ಹೋಗಿ ಭಾನುವಾರಕ್ಕೆ ಬಿದ್ದವು, ಆಮೇಲೆ ಯಾರೂ ಓದದ ಕೊನೆಯ ಕಾಲಮ್ಮು, ಇತರೆ ವಿಷಯ, ಉತ್ತರಪತ್ರಿಕೆಯ ಅಂಚಿನ ಲೆಕ್ಕಕ್ಕೂ ಅಂಕ ಕೊಡುವವಳು ಅದನ್ನು ಬಿಟ್ಟಾಳೆಯೇ, ಮ್ಯಾಚ್ ನೋಡಕ್ಕೆ ಹೋಗಿದ್ವಿ, ಮಗು ಮೈದಾನದಲ್ಲಿ ಜ್ಯೂಸ್ ಕುಡೀತು, ಸೆಕೆ ಅಂತ ಐಸ್ ಜಾಸ್ತಿ ಹಾಕಿಸ್ಕೊಂಡೆ, ಐಸು, ಮತ್ತೆ ಐಸು — ನೀರಿನ ಪರೀಕ್ಷೆಯ ಪಟ್ಟಿ ತೆಗೆದರೆ ಮೈದಾನದ ಹಿಂದಿನ ಐಸ್ ಫ್ಯಾಕ್ಟರಿಯ ಬಾವಿ ಎರಡು ಸಲ ಫೇಲು, ಫೇಲಾದರೂ ಮುಂದಿನ ಕ್ಲಾಸಿಗೆ ಹೋಗಿದೆ, ಕಳ್ಳ ಬಾವಿ! ಮೇಡಂ, ಇದೆಲ್ಲ ನಿಮಗೆಲ್ಲಿ ಸಿಕ್ತು, ನಿಮ್ಮ ವೆಬ್‌ಸೈಟಲ್ಲೇ ಸಾರ್, ಅಧಿಕಾರಿ ಕೆಮ್ಮಿದ, ಐಸ್ ಪರೀಕ್ಷೆ ಮಾಡಿಸ್ತೀನಿ ಎಂದ, ಮಾಡಿಸಿದ, ಅದೇ ರೋಗಾಣು, ಐದನೇ ದಿನ ಬೆಳಿಗ್ಗೆ ಫ್ಯಾಕ್ಟರಿಗೆ ಬೀಗ ಜಡಿದು ಅವನೇ ನಿಲ್ದಾಣಕ್ಕೆ ಬಂದಿದ್ದಾನೆ, ಕೈಯಲ್ಲಿ ಚಾಕು, ಸುತ್ತ ಜನ, ವಿಷ ಎಂದಿದ್ದ ಅದೇ ಜನ, ಕಂಡಕ್ಟರ್ ಆಗಲೇ ಕೂಗುತ್ತಿದ್ದಾನೆ, ಅಕ್ಕಾ, ಮೊದಲನೇ ಟೀ ನಂದು, ಗೆದ್ದೆ, ಗೆದ್ದೇಬಿಟ್ಟೆ, ಕುಣಿಯಬೇಕು ಅನಿಸುತ್ತಿದೆ ಟೀಚರಿಗೆ, ಅಕ್ಕ ಮಾತ್ರ ಚಾಕು ಬೇಡ ಬಿಡಿ ಸಾರ್ ಎಂದು ಮುಂದೆ ಬಂದು ಬೀಗದ ಅರಗನ್ನು ಹೆಬ್ಬೆರಳಿನಲ್ಲೇ ಒತ್ತಿದಳು, ಚಟ್ಟೆಂದಿತು, ಬಾಗಿಲು ತೆರೆದಿದೆ, ಒಲೆ ಹತ್ತಿದೆ, ಲೋಟ ನೀಡುತ್ತಿರುವ ಕೈ, ಆ ಕೈಯ ಉಗುರಿನ ಸಂದಿಯಲ್ಲಿ ಅರಗು, ಕೆಂಪು ಅರಗಿನ ಒಂದು ಚೂರು